ಹೊಲ ಕಣ್ಣೆದುರಿಗಿದೆ, ಸೈಟಿಲ್ಲ

ಆಕ್ಸ್‌ಫರ್ಡಿನಲ್ಲಿ ಮನೆ ಕಟ್ಟಲು ಜಾಗವಿಲ್ಲ ಅಂತ ಇಲ್ಲಿಯವರು ಕೊರಗುವಾಗ ನನಗೆ ಒಳಗೊಳಗೇ ನಗು. ರಿಂಗ್ ರೋಡ್ ದಾಟಿದರೆ ಸಾಕು, ಹೊಲ, ಹುಲ್ಲುಗಾವಲು, ಕುರಿ. ಬೆಂಗಳೂರಾಗಿದ್ದರೆ ಇಷ್ಟು ಹೊತ್ತಿಗೆ ಕಲ್ಲು ನೆಟ್ಟು, ಕಮಾನು ನಿಲ್ಲಿಸಿ, 30×40 ಸೈಟು ಅಂತ ಬೋರ್ಡು ಹಾಕಿ ಆಗಿರುತ್ತಿತ್ತು.

1947ರ ನಗರ ಯೋಜನಾ ಕಾಯ್ದೆಯಿಂದೀಚೆಗೆ ಇಲ್ಲಿ ಜಮೀನು ನಿಮ್ಮದೇ ಆದರೂ ಕಟ್ಟಬೇಕೆಂದರೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಒಪ್ಪಬೇಕು. ಅದರ ಮೇಲೆ ಗ್ರೀನ್ ಬೆಲ್ಟ್, ಅಂದರೆ ಊರು ಹಬ್ಬದಿರಲೆಂದು ಸುತ್ತಲೂ ಕಟ್ಟಡಕ್ಕೆ ಬಿಡದೆ ಕಾದಿಟ್ಟ ನೆಲ. ಇಂಗ್ಲೆಂಡಿನ ಎಂಟನೇ ಒಂದು ಪಾಲು ನೆಲ ಅದರೊಳಗಿದೆ. ಆಕ್ಸ್‌ಫರ್ಡಿನ ಸುತ್ತಲಿನ ಬೆಲ್ಟ್ ಬಹುಪಾಲು ಪಕ್ಕದ ಜಿಲ್ಲಾ ಕೌನ್ಸಿಲುಗಳ ಸರಹದ್ದಿನಲ್ಲಿ. ನಗರದವರಿಗೆ ಮನೆ ಬೇಕು, ಪಕ್ಕದವರಿಗೆ ತಮ್ಮ ಹೊಲ ಹಾಗೇ ಉಳಿಯಬೇಕು. ಅನುಮತಿ ಸಿಕ್ಕ ದಿನ ಅದೇ ಹೊಲದ ಬೆಲೆ ಹತ್ತಾರು ಪಟ್ಟು ಏರುತ್ತದೆ. ನಮ್ಮಲ್ಲಿ ಭೂಪರಿವರ್ತನೆ ಆದಾಗ ಆಗುವುದೂ ಇದೇ ತಾನೆ.

ನಮ್ಮ ಬೀದಿಯಲ್ಲಿ ಯಾರೋ ಅಡುಗೆಮನೆ ಹಿಂದಕ್ಕೆ ಬೆಳೆಸಬೇಕೆಂದಿದ್ದರು. ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ನೋಟಿಸು ಕಟ್ಟಿದರು. ಆಕ್ಷೇಪಣೆಗೆ 21 ದಿನ. ನಕ್ಷೆ ಕೌನ್ಸಿಲಿನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಕ್ಕದ ಮನೆಯ ಕಿಟಕಿಯಿಂದ 45 ಡಿಗ್ರಿಗೆ ಗೆರೆ ಎಳೆದು, ಹೊಸ ಗೋಡೆ ಬೆಳಕಿಗೆ ಅಡ್ಡ ಬರುತ್ತದೆಯೇ ಅಂತ ಅಳೆದಿದ್ದರು. ನಮ್ಮ ಚಿಕ್ಕಪ್ಪನದು 20×30ರ ರೆವಿನ್ಯೂ ಸೈಟಿನಲ್ಲಿ ಮೂರಂತಸ್ತು. ಪಕ್ಕದವರೂ ಒಂದಡಿ ಬಿಡದೆ ಎಬ್ಬಿಸಿದ್ದಾರೆ, ಮಟಮಟ ಮಧ್ಯಾಹ್ನ ಸೊಪ್ಪು ಬಿಡಿಸಲೂ ಚಿಕ್ಕಮ್ಮನಿಗೆ ಲೈಟು ಬೇಕು.

ಹಾಗಂತ ಚಿಕ್ಕಪ್ಪನನ್ನು ದೂರಲಾರೆ. ಬಿಡಿಎ ಸೈಟಿಗೆ ಕಾದವರ ಪಾಡು ಗೊತ್ತಿದೆಯಲ್ಲ: ಅರ್ಕಾವತಿ ಬಡಾವಣೆಗೆ ಅಧಿಸೂಚನೆ ಹೊರಟಿದ್ದು 2003ರಲ್ಲಿ, ಆಮೇಲೆ ಬರೀ ಡಿನೋಟಿಫಿಕೇಶನ್, ಕೋರ್ಟು, ಅಲೆದಾಟ. ಜನ ಬಿ ಖಾತೆಯಾದರೂ ಸರಿ ಅಂತ ಕಟ್ಟಿಕೊಂಡು ಅಕ್ರಮ–ಸಕ್ರಮಕ್ಕೆ ಕಾದರು. ಅದೂ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕಿತು.

ಇಲ್ಲಿನ ಕ್ರಮ ಚೆಂದ. ಆದರೆ ಅದರ ಲಾಭ ಯಾರಿಗೆ? ಕಮಿಟಿ ಸಭೆಯಲ್ಲಿ ಎದ್ದು ನಿಂತು ಪಾರ್ಕಿಂಗ್ ಸಾಲದು, ಹೊಂಡದಲ್ಲಿ ಅಪರೂಪದ ನ್ಯೂಟ್ (ಹಲ್ಲಿಯಂಥ ಉಭಯಚರ) ಇದೆ, ಊರಿನ ಚಹರೆ ಕೆಡುತ್ತದೆ ಅನ್ನುವವರೆಲ್ಲ ಸ್ವಂತ ಮನೆಯುಳ್ಳವರೇ. (ನ್ಯೂಟ್ ಬಗ್ಗೆ ನನಗೇನೂ ಸಿಟ್ಟಿಲ್ಲ.) ಆ ಮನೆಗಳು ಎದ್ದರೆ ಬಂದಿರುವ ನರ್ಸು, ಬಸ್ ಡ್ರೈವರ್ ಇನ್ನೂ ಎಲ್ಲೋ ದೂರದ ಡಿಡ್‌ಕಾಟ್‌ನಂಥ ಊರಿನಲ್ಲಿ ಬಾಡಿಗೆ ಕಟ್ಟುತ್ತಿರುತ್ತಾರೆ, ಅವರ ಆಕ್ಷೇಪಣೆ ಯಾವ ಫೈಲಿನಲ್ಲೂ ಇರುವುದಿಲ್ಲ. ಅದಕ್ಕೇ 2024ರ ಡಿಸೆಂಬರಿನಲ್ಲಿ ಸರ್ಕಾರ ಕೌನ್ಸಿಲುಗಳಿಗೆ ಮನೆಗಳ ಗುರಿ ಕಡ್ಡಾಯ ಮಾಡಿ, ಬೆಲ್ಟಿನೊಳಗಿನ ಹಳೇ ಪೆಟ್ರೋಲ್ ಬಂಕು, ಕಾರ್ ಪಾರ್ಕಿನಂಥ ಜಾಗಗಳನ್ನು ‘ಗ್ರೇ ಬೆಲ್ಟ್’ ಎಂದು ಬಿಡಿಸಿದ್ದು ಸರಿ ಅನ್ನಿಸಿತು. ಐದು ವರ್ಷಕ್ಕೆ 15 ಲಕ್ಷ ಮನೆ ಎಂಬ ಲೆಕ್ಕ ಮಾತ್ರ ನಂಬಿಕೆ ಬರುವಂಥದ್ದಲ್ಲ.

ನಮ್ಮವರ ಮೇಲೆ ನನಗೊಂದು ತಕರಾರಿದೆ. ಕಾಮನ್‌ವೆಲ್ತ್ ಪ್ರಜೆಗಳೆಂದು ಇಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರಿಗೂ ಕೌನ್ಸಿಲ್ ಚುನಾವಣೆಯಲ್ಲಿ ಮತವಿದೆ. ಬೆಂಗಳೂರಲ್ಲಿ 2020ರ ಸೆಪ್ಟೆಂಬರಿನ ನಂತರ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ, ಅದಕ್ಕೆ ವಾಟ್ಸಾಪಿನಲ್ಲಿ ಎಲ್ಲರಿಗೂ ಕೋಪ. ಇಲ್ಲಿ ಮೇ ತಿಂಗಳ ಗುರುವಾರ ಮತಗಟ್ಟೆಗೆ ಹೋಗಿ ಬನ್ನಿ ಅಂದರೆ, ‘ನಮಗ್ಯಾಕೆ ಸಾರ್ ಇವರ ಉಸಾಬರಿ, ನಾವು ಬಾಡಿಗೆಯವರು’ ಅನ್ನುತ್ತಾರೆ.