ಆಹ್ವಾನ ಪತ್ರಿಕೆಯಲ್ಲಿ ಬಿಟ್ಟುಹೋದ ಹೆಸರು

ಹೋದ ತಿಂಗಳು ಇಲ್ಲಿ ಪುಣೆಯಲ್ಲಿ ಕನ್ನಡದವರ ಒಂದು ಗುಂಪು ‘ವಂಶವೃಕ್ಷ’ ಸಿನಿಮಾ ತೋರಿಸಿತು. ಆಹ್ವಾನ ಪತ್ರಿಕೆಯಲ್ಲಿ ಭೈರಪ್ಪ, ಕಾರ್ನಾಡ್, ಕಾರಂತ್, ವಿಷ್ಣುವರ್ಧನ್ ಎಲ್ಲರ ಹೆಸರೂ ಇತ್ತು. ಸಂಗೀತ ಕೊಟ್ಟವರದು ಮಾತ್ರ ಇರಲಿಲ್ಲ. ಆ ಸಂಗೀತ ಭಾಸ್ಕರ ಚಂದಾವರ್ಕರ್ ಅವರದು. 2009ರಲ್ಲಿ ತೀರಿಕೊಳ್ಳುವವರೆಗೂ ಇದೇ ಪುಣೆಯಲ್ಲಿದ್ದವರು. ನನಗೆ ತುಂಬಾ ಬೇಜಾರಾಯಿತು.

ಚಂದಾವರ ನಮ್ಮ ಹೊನ್ನಾವರ ತಾಲೂಕಿನ ಊರು. ಹೆಸರಲ್ಲೇ ನಮ್ಮೂರು ಇಟ್ಟುಕೊಂಡವರನ್ನು ನಾವು ಮರೆತರೆ ಹೇಗೆ?

ಅವರದು ಅಂತ ತಕ್ಷಣ ಗುರುತು ಸಿಗೋ ಒಂದು ಧಾಟಿ ಇಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ನಿಜ. ನನಗೆ ಅದೇ ಅವರ ದೊಡ್ಡತನ. ರವಿಶಂಕರ್ ಶಿಷ್ಯರು, ಒಳ್ಳೆಯ ಸಿತಾರ್ ವಾದಕರು. ಹಾಗಂತ ಎಲ್ಲ ಕಡೆ ಸಿತಾರ್ ತುರುಕಲಿಲ್ಲ. ಕಥೆ ಏನು ಕೇಳುತ್ತದೋ ಅದನ್ನು ಕೊಟ್ಟರು.

‘ಘಾಶೀರಾಮ್ ಕೋತ್ವಾಲ್’ ನೋಡಿ. ವಿಜಯ್ ತೆಂಡೂಲ್ಕರ್ ಬರೆದ ಮರಾಠಿ ನಾಟಕ, ಜಬ್ಬಾರ್ ಪಟೇಲ್ ನಿರ್ದೇಶನ, ಸಂಗೀತ ಚಂದಾವರ್ಕರ್ ಅವರದು. 1972ರ ಡಿಸೆಂಬರ್ 16ರಂದು ಇಲ್ಲಿನ ಭರತ ನಾಟ್ಯ ಮಂದಿರದಲ್ಲಿ ಮೊದಲ ಪ್ರದರ್ಶನ. ಸಾಲಾಗಿ ನಿಂತ ಪುಣೆಯ ಬ್ರಾಹ್ಮಣರೇ ಅಲ್ಲಿ ಪರದೆ. ಹಾಡುತ್ತಾ ತೂಗುತ್ತಾರೆ, ಬೆನ್ನು ತಿರುಗಿಸಿದರೆ ಹಿಂದೆ ನಡೆಯುವುದು ಮುಚ್ಚಿಹೋಗುತ್ತದೆ. ಈಗ ಅಭಂಗ ಅನ್ನೋ ಭಕ್ತಿಗೀತೆ, ಮರುಗಳಿಗೆಯಲ್ಲಿ ಶೃಂಗಾರದ ಲಾವಣಿ. ದೇವರ ಹೆಸರೂ ಬಾವನಖಣಿಯ, ಅಂದರೆ ಪುಣೆಯ ಸೂಳೆಗೇರಿಯ, ಹಾಡೂ ಒಂದೇ ಬಾಯಲ್ಲಿ. ಆ ಊರಿನ ಸೋಗನ್ನು ಬಯಲು ಮಾಡೋದು ಮಾತಿಗಿಂತ ಜಾಸ್ತಿ ಈ ಹಾಡುಗಳೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಪದ ನಿಲ್ಲಿಸಿದರೆ ವೇಷ ಏನು ಮಾಡೀತು, ಅಲ್ವಾ?

ಸಿನಿಮಾಗಳ ಪಟ್ಟಿ ದೊಡ್ಡದು. ಮೃಣಾಲ್ ಸೇನ್ ಅವರ ‘ಖಂಡಹರ್’, ಮಲಯಾಳಂನ ‘ಸ್ವಪ್ನಾಡನಂ’, ಒಡಿಯಾದ ‘ಮಾಯಾ ಮಿರಿಗ’, ನಮ್ಮ ಶಂಕರ್ ನಾಗ್ ನಟಿಸಿದ ‘ಒಂದಾನೊಂದು ಕಾಲದಲ್ಲಿ’. ಇದರ ಜೊತೆ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು.

ಮರಾಠಿ ಗೆಳೆಯರ ಮನೆಯಲ್ಲಿ ‘ಸಾಮ್ನಾ’ ಸಿನಿಮಾ ಅಂದರೆ ಸಾಕು, ಯಾರ ಹೊರೆ ಯಾರ ಹೆಗಲ ಮೇಲೆ ಅಂತ ಕೇಳುವ, ಕವಿ ಆರತಿ ಪ್ರಭು ಅವರ ಹಾಡನ್ನು ಯಾರಾದರೂ ಗುನುಗುತ್ತಾರೆ. ಅದರ ರಾಗ ಕಟ್ಟಿದವರೂ ಇವರೇ. ಅಂಥ ಹಾಡು ಮಾಡಬಲ್ಲವರು ‘ಶ್ವಾಸ್’ ಅನ್ನೋ ಮರಾಠಿ ಸಿನಿಮಾದಲ್ಲಿ ಎಷ್ಟು ತಗ್ಗಿ ಕೂತಿದ್ದಾರೆ ನೋಡಿ. ಕ್ಯಾನ್ಸರ್‌ನಿಂದ ಕಣ್ಣು ಕಳೆದುಕೊಳ್ಳಲಿರುವ ಮೊಮ್ಮಗನನ್ನು ಆಪರೇಷನ್‌ಗೆ ಮುಂಚೆ ಅಜ್ಜ ಊರು ತೋರಿಸಲು ಕರೆದುಕೊಂಡು ಹೋಗುತ್ತಾನೆ. ಬೇರೆಯವರಾಗಿದ್ದರೆ ಅಲ್ಲಿ ಪಿಟೀಲುಗಳು ಅಳುವಂತೆ ಮಾಡಿಬಿಡುತ್ತಿದ್ದರು. ಇವರು ಅಜ್ಜ ಮೊಮ್ಮಗನನ್ನು ಅವರ ಪಾಡಿಗೆ ಬಿಟ್ಟರು. ನಾನು ಅತ್ತಿದ್ದು ಅದಕ್ಕೇ.

ನಮ್ಮಲ್ಲಿ ಸಂಗೀತ ಅಂದರೆ ಎಷ್ಟು ಹಾಡು ಹಿಟ್ ಆಯಿತು ಅಂತ ಎಣಿಸುತ್ತೇವೆ. ಆ ಲೆಕ್ಕದಲ್ಲಿ ಇಂಥವರು ಸಿಗುವುದೇ ಇಲ್ಲ. ಮರಾಠಿಯವರಾದರೂ ನೆನೆಯುತ್ತಾರೆ. ಚಂದಾವರ್ಕರ್ ಬದುಕಿದ್ದ ಊರಲ್ಲೇ ಬದುಕುತ್ತಿರುವ ಕನ್ನಡದವರು ನಾವು ಅವರನ್ನು ಸುಮ್ನೆ ಬಿಟ್ಟುಕೊಡಬಾರದು.

ಆ ಗುಂಪಿನವರಿಗೆ ಫೋನ್ ಮಾಡಿದ್ದೇನೆ. ಮುಂದಿನ ಸಲ ‘ತಬ್ಬಲಿಯು ನೀನಾದೆ ಮಗನೆ’ ತೋರಿಸೋಣ, ಆಹ್ವಾನ ಪತ್ರಿಕೆ ನಾನೇ ಬರೆದುಕೊಡುತ್ತೇನೆ ಅಂದೆ. ಅದಕ್ಕೂ ಸಂಗೀತ ಅವರದೇ.