ಸತ್ಯಾಂಶ: ಕ್ಯಾಮ್ ದೊಡ್ಡದಾದರೆ ಕಾರು ವೇಗವಾಗುತ್ತದೆಯೇ?

ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರು ಸ್ಪರ್ಧೆ) ಪ್ರಿಯರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘250 ಡಿಗ್ರಿಯಷ್ಟು ಹೆಚ್ಚಿನ ಡ್ಯುರೇಶನ್ ಇರುವ ಕ್ಯಾಮ್‌ಶಾಫ್ಟ್ ಹಾಕಿಸಿ, ರಸ್ತೆಯಲ್ಲೂ ರೇಸಿನಲ್ಲೂ ಗೆಲ್ಲಿ.’ ಇದು ಅರ್ಧಸತ್ಯ. ಕ್ಯಾಮ್‌ಶಾಫ್ಟ್ ಅಥವಾ ಕ್ಯಾಮ್ ಎಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ; ಡ್ಯುರೇಶನ್ ಎಂದರೆ ವಾಲ್ವ್ ತೆರೆದಿರುವ ಅವಧಿ, ಅದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಎಣಿಸುತ್ತಾರೆ.

ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದರೆ ಶಕ್ತಿ ಹೆಚ್ಚುವುದು ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಮಾತ್ರ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಕುಸಿಯುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ನಿಧಾನಗತಿಯಲ್ಲಿ ಒಳಬಂದ ಗಾಳಿಯ ಒಂದಂಶವನ್ನು ಪಿಸ್ಟನ್ ಹಿಂದಕ್ಕೇ ತಳ್ಳಿಬಿಡುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಬೇಕಿರುವುದೇ ಆ ಕಳೆದುಹೋದ ಟಾರ್ಕ್! ಐಡ್ಲಿಂಗ್ ತಡವರಿಸುತ್ತದೆ, ಆಗ ಬ್ರೇಕಿಗೆ ನೆರವಾಗುವ ಎಂಜಿನ್ ನಿರ್ವಾತ ಕಡಿಮೆಯಾಗಿ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಬಹುದು.

ಸಂದೇಶದಲ್ಲಿರುವ 250 ಡಿಗ್ರಿ ಎಂಬ ಅಂಕಿಯೂ ದಾರಿ ತಪ್ಪಿಸುತ್ತದೆ. ವಾಲ್ವ್ ಏಳತೊಡಗಿದಾಗಿನಿಂದ ಎಣಿಸಿದ್ದೋ, 1.27 ಮಿಲಿಮೀಟರ್ ಎತ್ತರದಲ್ಲಿ ಅಳೆದದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಎರಡೂ ಬಹಳ ಬೇರೆ. ಮೇಲಾಗಿ, ದೊಡ್ಡ ವಿ8 ಎಂಜಿನ್ನಿಗೆ ಸೌಮ್ಯವಾದ ಕ್ಯಾಮ್ ನಮ್ಮ 1.3 ಲೀಟರ್ ಎಂಜಿನ್ನಿಗೆ ಉಗ್ರವಾದೀತು.

ಮೊದಲು ಕಾರಿನ ತೂಕ, ಗೇರ್ ಅನುಪಾತ, ಕಂಪ್ರೆಷನ್ ಬರೆದಿಟ್ಟುಕೊಳ್ಳಿ. ಎಂಜಿನ್ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ ಓಡುತ್ತದೆಂದು ಪ್ರಾಮಾಣಿಕವಾಗಿ ನೋಡಿ. ಎರಡು ಕ್ಯಾಮ್‌ಗಳ ನಡುವೆ ಅನುಮಾನವಿದ್ದರೆ ನಾನಂತೂ ಚಿಕ್ಕದನ್ನೇ ಆರಿಸುತ್ತೇನೆ. ವಾಲ್ವ್ ಸ್ಪ್ರಿಂಗ್ ಹೊಂದುತ್ತದೆಯೇ, ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆಯೇ ಎಂಬುದನ್ನು ಜೋಡಿಸುವ ಮೊದಲೇ ಅಳೆಸಿ.