ಹಣ ಕಡಿಮೆ, ಮಾತು ಸ್ಪಷ್ಟ: ಸಣ್ಣ ಆಟ ಪ್ರಕಾಶಕರ ಜೊತೆ ಕೆಲಸ ಮಾಡುವುದೆಂದರೆ

ದುಡ್ಡು ಕೊಡದೆ ಕೈಕೊಟ್ಟ ಪ್ರಕಾಶಕರ ಬಗ್ಗೆ ನಮ್ಮ ಫ್ರೀಲಾನ್ಸರ್ ಬಳಗದಲ್ಲಿ ಆಗಾಗ ದೂರುಗಳು ಬರುತ್ತಲೇ ಇರುತ್ತವೆ. ಬರಬೇಕಾದದ್ದೇ. ಆ ಎಚ್ಚರಿಕೆಯ ಮಾತುಗಳಿಂದ ಎಷ್ಟೋ ಜನ ಬಚಾವಾಗಿದ್ದಾರೆ. ಆದರೆ ಹೇಳಿದ ದಿನಕ್ಕೆ ಸರಿಯಾಗಿ ಹಣ ಹಾಕಿದವರ ಬಗ್ಗೆ ಯಾರೂ ಎರಡು ಸಾಲು ಬರೆಯುವುದಿಲ್ಲ. ಇದರಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಹೊಸದಾಗಿ ಬರುವ ಹುಡುಗ ಹುಡುಗಿಯರು ಇಲ್ಲಿ ಎಲ್ಲರೂ ಹೀಗೆಯೇ, ಸಹಿಸಿಕೊಳ್ಳಬೇಕು ಎಂದು ಮೊದಲೇ ನಂಬಿಬಿಡುತ್ತಾರೆ. ಸರಿಯಾದ ನಡವಳಿಕೆಯನ್ನು ಒಮ್ಮೆಯೂ ಕಾಣದವರಿಗೆ ತಪ್ಪು ನಡವಳಿಕೆ ತಪ್ಪೆಂದು ತಿಳಿಯುವುದಾದರೂ ಹೇಗೆ? ಅದಕ್ಕಾಗಿ ಇವತ್ತು ಪ್ರಾಮಾಣಿಕರ ಬಗ್ಗೆ ಬರೆಯುತ್ತಿದ್ದೇನೆ.

ಈ ಕೆಲಸದ ಪರಿಚಯವಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬರು ಕಥೆ ನಡೆಸುತ್ತಾ, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾ, ದಾಳ ಉರುಳಿಸುತ್ತಾ ಆಡುವ ಆಟಗಳಿವೆ. 1974ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆ ದಾರಿ ಹಾಕಿತು. ಆಟ ಎಂದರೂ ಕೈಗೆ ಸಿಗುವುದು ಪುಸ್ತಕವೇ: ನಿಯಮಗಳು, ಕಾಲ್ಪನಿಕ ನಾಡುಗಳು, ಭೂಪಟಗಳು, ಆಡಲೆಂದೇ ಬರೆದ ಸಾಹಸ ಕಥೆಗಳು. ಇದರಲ್ಲಿ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ಒಬ್ಬಿಬ್ಬರು ಮನೆಯ ಕೋಣೆಯಲ್ಲಿ ಕುಳಿತು, ಹಗಲು ಬೇರೆ ನೌಕರಿ ಮಾಡಿಕೊಂಡು ನಡೆಸುವ ಪುಟ್ಟ ಪ್ರಕಾಶನಗಳು. ಬರಹ, ಚಿತ್ರ, ಸಂಪಾದನೆ, ಪುಟವಿನ್ಯಾಸ ಎಲ್ಲವೂ ಹೊರಗಿನವರ ಕೈಯಿಂದ ಆಗಬೇಕು. ನಾನು ಬೆಂಗಳೂರಿನಲ್ಲಿ ಕುಳಿತು ಇಂಗ್ಲೆಂಡ್, ಅಮೆರಿಕ, ಕೆನಡಾಗಳ ಇಂಥ ಪ್ರಕಾಶಕರಿಗೆ ಬರೆಯುತ್ತೇನೆ, ಬೇರೆಯವರು ಬರೆದದ್ದನ್ನು ತಿದ್ದುತ್ತೇನೆ.

ಸಂಭಾವನೆ ಪದಗಳ ಲೆಕ್ಕದಲ್ಲಿ. ಸಣ್ಣ ಪ್ರಕಾಶಕರಲ್ಲಿ ಪದಕ್ಕೆ 3 ಸೆಂಟಿನಿಂದ 10 ಸೆಂಟಿನವರೆಗೆ ಸಾಮಾನ್ಯ. 10,000 ಪದಗಳ ಒಂದು ಸಾಹಸ ಕಥೆಗೆ 5 ಸೆಂಟಿನಂತೆ 500 ಡಾಲರ್. ಬರೆಯುವುದು, ಗೆಳೆಯರನ್ನು ಸೇರಿಸಿ ಆಡಿ ನೋಡುವುದು, ಮತ್ತೆ ತಿದ್ದುವುದು ಎಲ್ಲವೂ ಇದರಲ್ಲೇ ಆಗಬೇಕು. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಸಣ್ಣ ಕಥೆಗಳ ವೃತ್ತಿಪರ ದರವನ್ನು 2019ರಲ್ಲಿ ಪದಕ್ಕೆ 8 ಸೆಂಟಿಗೆ ಏರಿಸಿತು. ನಮ್ಮಲ್ಲಿ ಅನೇಕರು ಇನ್ನೂ ಅಲ್ಲಿಗೂ ತಲುಪಿಲ್ಲ. ಜೊತೆಗೆ ಹೆಚ್ಚಿನ ಕರಾರುಗಳಲ್ಲಿ ಹಕ್ಕುಗಳೆಲ್ಲ ಪ್ರಕಾಶಕರ ಪಾಲು. ಪುಸ್ತಕ ಎಷ್ಟು ಮುದ್ರಣ ಕಂಡರೂ ಬರೆದವರಿಗೆ ಮತ್ತೆ ಕಾಸು ಬರುವುದಿಲ್ಲ.

ಹೀಗಾಗಿ ನಾನು ಪ್ರಾಮಾಣಿಕ ಎನ್ನುವಾಗ ಉದಾರಿ ಎಂದು ಹೇಳುತ್ತಿಲ್ಲ. ಕೈ ತುಂಬ ಕೊಡುವ ಶಕ್ತಿ ಇವರಿಗಿಲ್ಲ. ಇರುವುದಿಷ್ಟು, ಇಂಥ ದಿನ ಕೊಡುತ್ತೇನೆ, ಕೊಡಲಾಗದ ಸ್ಥಿತಿ ಬಂದರೆ ಹೀಗೆ ಮಾಡುತ್ತೇನೆ ಎಂದು ಕೆಲಸಕ್ಕೆ ಮೊದಲೇ ಕಾಗದದ ಮೇಲೆ ಬರೆದುಕೊಡುವವರನ್ನು ನಾನು ಪ್ರಾಮಾಣಿಕರು ಎನ್ನುತ್ತೇನೆ. ಕಡಿಮೆ ಸಂಭಾವನೆಯ ಕೆಲಸವನ್ನು ಒಪ್ಪಬಹುದು, ಬಿಡಬಹುದು, ತೀರ್ಮಾನ ನಮ್ಮದು. ಅಸ್ಪಷ್ಟ ಸಂಭಾವನೆಯಲ್ಲಿ ತೀರ್ಮಾನ ಮಾಡುವ ಅವಕಾಶವೇ ನಮಗಿಲ್ಲ.

ನನ್ನ ಅನುಭವದಲ್ಲಿ ಎಲ್ಲವೂ ಬಯಲಾಗುವುದು ಒಂದೇ ಪ್ರಶ್ನೆಯಲ್ಲಿ: ಹಣ ಕೊಡುವುದು ಬರಹವನ್ನು ಒಪ್ಪಿಕೊಂಡಾಗಲೋ, ಪುಸ್ತಕ ಪ್ರಕಟವಾದಾಗಲೋ? ಪ್ರಕಟಣೆ ಬರೆದವರ ಕೈಯಲ್ಲಿಲ್ಲ. ಚಿತ್ರಕಾರರು ತಡ ಮಾಡಬಹುದು, ಮುದ್ರಕರು ಕೈ ಎತ್ತಬಹುದು, ಪ್ರಕಾಶಕರ ಆಸಕ್ತಿಯೇ ಬತ್ತಬಹುದು. ಆ ಅಪಾಯವನ್ನೆಲ್ಲ ತನ್ನ ಪಾಲಿನ ಕೆಲಸ ಮುಗಿಸಿ ಕುಳಿತವರ ತಲೆಗೆ ಕಟ್ಟುವುದು ಯಾವ ನ್ಯಾಯ? ಒಬ್ಬ ಪ್ರಕಾಶಕರಿಗೆ ನಾನು ಬರೆದುಕೊಟ್ಟ ಒಂದು ಅಧ್ಯಾಯ ಇಂದಿಗೂ ಅವರ ಕಂಪ್ಯೂಟರಿನಲ್ಲೇ ಇದೆ. ಪುಸ್ತಕ ಬರಲಿಲ್ಲ, ಹಣವೂ ಬರಲಿಲ್ಲ. ಕರಾರಿನಲ್ಲಿ 'ಪ್ರಕಟಣೆಯ ನಂತರ' ಎಂದಿದ್ದರಿಂದ ಕೇಳಲು ದಾರಿಯೂ ಉಳಿದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದನ್ನು ನಾನು ಕಂಡದ್ದು ಉತ್ತರ ಇಂಗ್ಲೆಂಡಿನ ಒಬ್ಬ ಪ್ರಕಾಶಕಿಯಲ್ಲಿ. ಅವರು ಒಬ್ಬರೇ ನಡೆಸುವ ಪ್ರಕಾಶನ. ಹೆಸರು ಬರೆದರೆ ಅರ್ಜಿಗಳ ಮಹಾಪೂರವೇ ಅವರ ಮೇಲೆ ಬೀಳುತ್ತದೆ, ಆದ್ದರಿಂದ ಇಲ್ಲಿ ಬೇಡ. ಮೊದಲ ಪದ ಬರೆಯುವ ಮುನ್ನವೇ ಎರಡು ಪುಟದ ಕರಾರು ಬಂತು. ಎಷ್ಟು ಪದ, ಯಾವ ದರ, ಎಷ್ಟು ಸುತ್ತಿನ ತಿದ್ದುಪಡಿ, ಒಪ್ಪಿದ ಮೇಲೆ ಎಷ್ಟು ದಿನದೊಳಗೆ ಹಣ, ಕೆಲಸ ನಡುವೆ ನಿಂತರೆ ಎಷ್ಟು ಪರಿಹಾರ, ಪುಸ್ತಕದಲ್ಲಿ ಹೆಸರು ಯಾವ ರೀತಿ ಅಚ್ಚಾಗಬೇಕು, ಎಲ್ಲವೂ ಅದರಲ್ಲಿತ್ತು. ವಕೀಲರ ಭಾಷೆಯಿಲ್ಲ, ಯಾರು ಓದಿದರೂ ಅರ್ಥವಾಗುವ ವಾಕ್ಯಗಳು.

ಆ ಪುಸ್ತಕಕ್ಕೆ ಕಿಕ್‌ಸ್ಟಾರ್ಟರ್ ಮೂಲಕ ಓದುಗರಿಂದ ಮುಂಗಡ ಹಣ ಸಂಗ್ರಹಿಸಿದ್ದರು. ನಮ್ಮಲ್ಲಿ ಪ್ರಕಟಣಪೂರ್ವ ಚಂದಾ ಪಡೆಯುವ ಪದ್ಧತಿ ಇದೆಯಲ್ಲ, ಅದೇ ಬಗೆ. ಅಷ್ಟರಲ್ಲಿ 2021 ಬಂತು. ಹಡಗಿನ ಕಂಟೇನರ್ ಬಾಡಿಗೆ ಜಗತ್ತಿನಾದ್ಯಂತ ಹಲವು ಪಟ್ಟು ಏರಿ, ಏಷ್ಯಾದಲ್ಲಿ ಮುದ್ರಿಸಿ ತರಿಸುತ್ತಿದ್ದ ಸಣ್ಣ ಪ್ರಕಾಶಕರ ಲೆಕ್ಕಗಳೆಲ್ಲ ತಲೆಕೆಳಗಾದವು. ಪುಸ್ತಕವನ್ನು ಮುಂದೂಡುವುದು ಅನಿವಾರ್ಯವಾಯಿತು. ಚಂದಾದಾರರಿಗೆ ತಿಳಿಸುವ ಮೊದಲೇ ಆಕೆ ಬರಹಗಾರರಿಗೆ, ಚಿತ್ರಕಾರರಿಗೆ ಪತ್ರ ಬರೆದರು. ನಿಮ್ಮ ಹಣವನ್ನು ಮೊದಲ ದಿನವೇ ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೇನೆ, ಮುದ್ರಣಕ್ಕೆ ಅದನ್ನು ಮುಟ್ಟುವುದಿಲ್ಲ, ಮುಗಿದ ಕೆಲಸಕ್ಕೆ ಈ ವಾರವೇ ಪೂರ್ತಿ ಕೊಡುತ್ತೇನೆ, ನಿಂತುಹೋದ ಎರಡನೆಯ ಭಾಗಕ್ಕೆ ಕರಾರಿನಂತೆ ಪರಿಹಾರ ಎಂದು. ಹಾಗೆಯೇ ಬಂತು. ಮರುದಿನ ಇನ್ನೊಂದು ಸಾಲಿನ ಪತ್ರ: ಬ್ಯಾಂಕಿನವರು, ಪೇಪಾಲ್‌ನವರು ಮುರಿದುಕೊಂಡ ಮೇಲೆ ನಿಮ್ಮ ಕೈಗೆ ಎಷ್ಟು ಸೇರಿತು? ವ್ಯತ್ಯಾಸವನ್ನು ತುಂಬಿಕೊಟ್ಟರು. ವಿದೇಶದಿಂದ ಹಣ ಪಡೆಯುವ ಪ್ರತಿಯೊಬ್ಬರಿಗೂ ಈ ಪ್ರಶ್ನೆಯ ಬೆಲೆ ಗೊತ್ತು. ಆ ಮೊದಲು ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ.

ಪ್ರಾಮಾಣಿಕತೆ ಹಣದಲ್ಲಿ ಮಾತ್ರ ಕಾಣುವುದೂ ಅಲ್ಲ. ಅದೇ ಪುಸ್ತಕಕ್ಕೆ ನಾನು ಬರೆದದ್ದು ನಮ್ಮ ಬಯಲುಸೀಮೆಯ ಕೆರೆಗಳ ಸರಪಳಿಯನ್ನು ಆಧರಿಸಿದ ಕಥೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ತೂಬಿನ ಬೀಗ ಯಾರ ಕೈಯಲ್ಲಿದೆಯೋ ಊರಿನ ಜುಟ್ಟು ಅವರ ಕೈಯಲ್ಲಿ. ನಡುವೆ ನಾಪತ್ತೆಯಾದ ನೀರುಗಂಟಿ, ಎಂದರೆ ಗದ್ದೆಗಳಿಗೆ ಕೆರೆಯ ನೀರು ಬಿಡುವವನು. ಸಂಪಾದಕರಿಗೆ ಇದೆಲ್ಲ ಹೊಸದು. ಅರ್ಥವಾಗದ್ದನ್ನು ಅವರು ಕತ್ತರಿಸಲಿಲ್ಲ, ಕೇಳಿದರು. ನೀರುಗಂಟಿ ಆಗುವವರು ಯಾವ ಸಮುದಾಯದವರು, ಅವರಿಗೆ ಕೂಲಿ ಏನು, ಊರಿನವರು ಅವರನ್ನು ಹೇಗೆ ಕಾಣುತ್ತಾರೆ ಎಂದು. ಚಿತ್ರಕಾರರ ಕಚ್ಚಾ ರೇಖೆಗಳನ್ನು ನನಗೆ ಕಳುಹಿಸಿ, ತೂಬಿನ ಕಲ್ಲುಕಂಬ ಹೀಗೇ ಇರುತ್ತದೆಯೇ ಎಂದು ನೋಡಿಸಿದರು. ಆ ಸಮಯಕ್ಕೆ ಗಂಟೆಯ ಲೆಕ್ಕದಲ್ಲಿ ಬೇರೆ ಸಂಭಾವನೆ ಕೊಟ್ಟರು. ಭಾರತದವರು ತಾನೇ, ಸ್ವಲ್ಪ ನೋಡಿ ಹೇಳಿ ಎಂದು ಬೇರೆಯವರ ಹಸ್ತಪ್ರತಿಯನ್ನು ಪುಕ್ಕಟೆಯಾಗಿ ಓದಿಸಿಕೊಳ್ಳುವವರ ನಡುವೆ ಇದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ನಾವು ಭಾರತದವರೆಂದು ತಿಳಿದ ಕೂಡಲೇ ದರ ಇಳಿಸುವವರಿದ್ದಾರೆ. ನಿಮ್ಮ ಊರಿನಲ್ಲಿ ಇದು ದೊಡ್ಡ ಮೊತ್ತವಲ್ಲವೇ ಎಂದು ನಯವಾಗಿ ಕೇಳುತ್ತಾರೆ. ಬೆಂಗಳೂರಿನ ಮನೆ ಬಾಡಿಗೆ ಗೊತ್ತಿಲ್ಲದವರ ಮಾತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ತಪ್ಪು ಇರುವುದು ಬಾಡಿಗೆಯ ಲೆಕ್ಕದಲ್ಲಿ ಅಲ್ಲ. ಅವರು ಕೊಳ್ಳುತ್ತಿರುವುದು ಬರಹವನ್ನು. ಟೊರಾಂಟೊದವರು ಬರೆದ ಪುಟ, ಬೆಂಗಳೂರಿನವರು ಬರೆದ ಪುಟ ಒಂದೇ ಪುಸ್ತಕದಲ್ಲಿ, ಒಂದೇ ಬೆಲೆಗೆ ಮಾರಾಟವಾಗುತ್ತವೆ. ನಾನು ಕಂಡ ಒಳ್ಳೆಯ ಪ್ರಕಾಶಕರೆಲ್ಲರೂ ಎಲ್ಲರಿಗೂ ಒಂದೇ ದರ ಇಟ್ಟು, ಅದನ್ನು ಬರಹಕ್ಕೆ ಆಹ್ವಾನ ನೀಡುವಾಗಲೇ ಪ್ರಕಟಿಸಿದ್ದರು.

ಹೀಗೆಲ್ಲ ಬರೆದರೆ ಇದು ಕೆಲವರ ಹುಟ್ಟುಗುಣ ಎಂದು ಅನಿಸಬಹುದು. ಹಾಗಲ್ಲ. ಜರ್ಮನಿಯಲ್ಲಿ 1988ರ ನ್ಯೂರೆಂಬರ್ಗ್ ಆಟಿಕೆ ಮೇಳದ ಸಮಯದಲ್ಲಿ 13 ಆಟ ರಚನಕಾರರು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಒಂದು ಸಾಲು ಬರೆದು ಸಹಿ ಹಾಕಿದರು: ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲ. ಇವತ್ತು ಬೋರ್ಡ್ ಆಟದ ಪೆಟ್ಟಿಗೆಗಳ ಮೇಲೆ ರಚನಕಾರರ ಹೆಸರು ರಾರಾಜಿಸುತ್ತಿರುವುದರ ಹಿಂದೆ ಆ ರಟ್ಟಿನ ತುಂಡಿದೆ. 1991ರಲ್ಲಿ ಅವರ ಸಂಘವೂ ಹುಟ್ಟಿತು. ಇನ್ನೂ ಈಚಿನದು: 2021ರ ಅಕ್ಟೋಬರಿನಲ್ಲಿ ಇಂಥ ಆಟದ ಪುಸ್ತಕಗಳನ್ನು ಪ್ರಕಟಿಸುವ ಅಮೆರಿಕದ ಪೈಜೋ ಕಂಪನಿಯ ನೌಕರರು ಸಂಘ ಕಟ್ಟಿದಾಗ, ಅದಕ್ಕೆ ಬರೆಯುತ್ತಿದ್ದ ಹಲವು ಫ್ರೀಲಾನ್ಸರ್‌ಗಳು ನೌಕರರ ಪರ ನಿಂತು ಕೆಲಸ ನಿಲ್ಲಿಸಿದರು. ಅದೇ ತಿಂಗಳು ಕಂಪನಿ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಕೇಳುವವರು ಒಟ್ಟಾಗಿ ಕೇಳಿದಾಗ ಕೊಡುವವರ ನಡವಳಿಕೆಯೂ ತಿದ್ದಿಕೊಳ್ಳುತ್ತದೆ.

ತಾವಾಗಿಯೇ ಲೆಕ್ಕ ತೆರೆದಿಟ್ಟವರೂ ಇದ್ದಾರೆ. ಇವಿಲ್ ಹ್ಯಾಟ್ ಪ್ರೊಡಕ್ಷನ್ಸ್ ಎಂಬ ಅಮೆರಿಕದ ಸಣ್ಣ ಪ್ರಕಾಶನ ತನ್ನ ಯಾವ ಪುಸ್ತಕ ಎಷ್ಟು ಪ್ರತಿ ಮಾರಾಟವಾಯಿತು ಎಂಬುದನ್ನು ವರ್ಷಗಳ ಕಾಲ ಮೂರು ತಿಂಗಳಿಗೊಮ್ಮೆ ಎಲ್ಲರೂ ಓದುವಂತೆ ಪ್ರಕಟಿಸುತ್ತಿತ್ತು. ಆ ಅಂಕಿಗಳನ್ನು ಓದಿ ನಾನು ಕಲಿತದ್ದು ಅಪಾರ. ಪ್ರಕಾಶಕರು ಹಣವಿಲ್ಲ ಎಂದಾಗ ಅದು ನೆಪವೋ ನಿಜವೋ ಎಂದು ಅಳೆಯಲು ಅಂಥ ಅಂಕಿಗಳು ಬೇಕು.

ಅನೇಕ ಸಲ ಅದು ನಿಜವೇ. ಅಂಗಡಿಯಲ್ಲಿ 50 ಡಾಲರಿಗೆ ಮಾರುವ ಪುಸ್ತಕವನ್ನು ವಿತರಕರು ಪ್ರಕಾಶಕರಿಂದ ಕೊಳ್ಳುವುದು ಸುಮಾರು 20 ಡಾಲರಿಗೆ. ಮುದ್ರಣ, ಹಡಗು, ಗೋದಾಮು, ಚಿತ್ರ, ಬರಹ ಎಲ್ಲ ಆ 20ರಲ್ಲೇ ಆಗಬೇಕು. ಅದೂ ಸಕಾಲಕ್ಕೆ ಬಂದರೆ. 2025ರ ಜನವರಿಯಲ್ಲಿ ಅಮೆರಿಕದ ಡೈಮಂಡ್ ಎಂಬ ದೊಡ್ಡ ವಿತರಣಾ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಎಷ್ಟೋ ಸಣ್ಣ ಪ್ರಕಾಶಕರಿಗೆ ಬರಬೇಕಾದ ಹಣ ಅಲ್ಲೇ ಸಿಕ್ಕಿಬಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ಚೀನಾದ ಸರಕಿನ ಮೇಲೆ ಅಮೆರಿಕ ಹಾಕಿದ ಸುಂಕ ಶೇ. 145ಕ್ಕೆ ಏರಿ ಆಟ ತಯಾರಕರ ನಿದ್ದೆ ಕೆಡಿಸಿತು. ಇದನ್ನೆಲ್ಲ ಬಲ್ಲೆ. ಆದರೂ ಒಂದು ಮಾತಿಗೆ ಗಟ್ಟಿಯಾಗಿ ನಿಲ್ಲುತ್ತೇನೆ: ಕಷ್ಟದಲ್ಲಿರುವ ಪ್ರಕಾಶಕರು ಮುದ್ರಕರಿಗೆ, ಹಡಗಿನವರಿಗೆ ಸಾಲ ಹೇಳುವುದಿಲ್ಲ, ಬರೆದವರಿಗೆ ಮಾತ್ರ ಹೇಳುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ, ಕಾಯುತ್ತಾರೆ ಎಂಬ ಭರವಸೆ. ಆ ಪ್ರೀತಿಯನ್ನು ಒತ್ತೆಯಿಡದವರನ್ನೇ ನಾನು ಗೌರವಿಸುವುದು.

ಇನ್ನು ಆಡುವವರಿಗೆ ಒಂದು ಮಾತು, ಮುಖ್ಯವಾಗಿ ನಮ್ಮ ಬೆಂಗಳೂರಿನ ಗೆಳೆಯರಿಗೆ. ಸಣ್ಣ ಪ್ರಕಾಶಕರ ಪಿಡಿಎಫ್‌ಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ಡಾಲರಿನ ಬೆಲೆ ನಮಗೆ ಭಾರ ಎನ್ನುವುದು ನಿಜ. ಆದರೆ ಇಚ್.ಐಒ ಎಂಬ ಆಟಗಳ ಮಾರಾಟ ತಾಣದಲ್ಲಿ ಅನೇಕರು ಹಣವಿಲ್ಲದವರಿಗೆಂದೇ ಉಚಿತ ಪ್ರತಿಗಳನ್ನು ತೆಗೆದಿಟ್ಟಿರುತ್ತಾರೆ, ಯಾರೂ ಕಾರಣ ಕೇಳುವುದಿಲ್ಲ. ಡ್ರೈವ್‌ಥ್ರೂ ಎಂಬ ಇನ್ನೊಂದು ತಾಣದಲ್ಲಿ ಕೈಲಾದಷ್ಟು ಕೊಟ್ಟು ಪಡೆಯುವ ಪುಸ್ತಕಗಳಿವೆ. ಇಷ್ಟು ಬಾಗಿಲು ತೆರೆದಿಟ್ಟವರಿಂದಲೂ ಕದಿಯುವುದನ್ನು ನಾನು ಒಪ್ಪಲಾರೆ. ಅಲ್ಲಿ ಉಳಿಯುವ ನಾಲ್ಕು ಕಾಸಿನಲ್ಲಿ ಮುಂದಿನ ಪುಸ್ತಕದ ಬರಹಗಾರರ ಪಾಲಿದೆ. ಆ ಬರಹಗಾರರು ನಮ್ಮ ಹಾಸನದವರೋ ಕಲಬುರಗಿಯವರೋ ಆಗಿರಬಹುದು.

ಬರೆಯಲು, ಚಿತ್ರ ಬಿಡಿಸಲು ಹೊರಟಿರುವ ಕಿರಿಯರಿಗೆ: ಕೆಲಸ ಒಪ್ಪುವ ಮುನ್ನ ಆ ಪ್ರಕಾಶಕರ ಹಿಂದಿನ ಪುಸ್ತಕದಲ್ಲಿ ಅಚ್ಚಾಗಿರುವ ಹೆಸರುಗಳನ್ನು ನೋಡಿ, ಅವರಲ್ಲಿ ಇಬ್ಬರಿಗಾದರೂ ಪತ್ರ ಬರೆದು ಹಣ ಯಾವಾಗ ಬಂತು ಎಂದು ಕೇಳಿ. ಹೆಚ್ಚಿನವರು ಉತ್ತರಿಸುತ್ತಾರೆ, ನಾನೂ ಉತ್ತರಿಸುತ್ತೇನೆ. ಕರಾರು ಕೈಯಲ್ಲಿದ್ದು ಓದಲು ಅಳುಕಿದ್ದರೆ ನನಗೆ ಸಂದೇಶ ಕಳುಹಿಸಿ. ಜೊತೆಯಲ್ಲಿ ಕುಳಿತು ಓದೋಣ, ಯಾವ ಸಾಲನ್ನು ಬದಲಿಸಲು ಕೇಳಬೇಕೆಂದು ಗುರುತು ಹಾಕೋಣ. ಶನಿವಾರ ಸಂಜೆಗಳು ನನಗೆ ಬಿಡುವು.